ವೀರಗಲ್ಲು ಮತ್ತು ಬದುಕುಳಿದ ಯೋಧ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು 1986ರಲ್ಲಿ ಬೆಂಗಳೂರು ಗ್ರಾಮಾಂತರ ಎಂಬ ಹೆಸರಿನಿಂದ ಬೇರೆ ಜಿಲ್ಲೆಗೆ ಸೇರಿದವು. ಇವುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಸಂಗ್ರಹಿಸಿದ್ದಾರೆ. ಆ ಸಂಪುಟದ ಪುಟಗಳನ್ನು ತಿರುವಿದವರಿಗೆ ವೀರಗಲ್ಲುಗಳ ಪರಿಚಯ ಹೊಸದಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ವೀರನನ್ನು ಕೊಂಡೊಯ್ಯುವ ಸುರಾಂಗನೆಯರು, ತುದಿಯಲ್ಲಿ ದೇವಸಾನ್ನಿಧ್ಯ, ಇದು ಸಾಮಾನ್ಯವಾಗಿ ಕಂಡುಬರುವ ಕ್ರಮ. ಸತ್ತವನ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ಗೆದ್ದು ಬಂದ ಯೋಧನಿಗೆ ಕತ್ತಿ ತೊಳೆದು ಕೊಟ್ಟ ಮಾನ್ಯಕ್ಕೆ ಬಾಳ್ಗಚ್ಚು ಎಂದು ಹೆಸರು. ಸತ್ತವನೂ ಗೆದ್ದವನೂ ಹೀಗೆ ಶಾಸನದಲ್ಲಿ ನಿಂತರು. ಆದರೆ ಕೈಯನ್ನೋ ಕಾಲನ್ನೋ ಕಳೆದುಕೊಂಡು ಊರಿಗೆ ಹಿಂದಿರುಗಿ ಇನ್ನೂ ಮೂವತ್ತು ವರ್ಷ ಬಾಳಿದವನ ಗತಿಯೇನು? ಅವನನ್ನು ಕೆತ್ತಿ ನಿಲ್ಲಿಸಲು ಶಿಲ್ಪಿಯ ಬಳಿ ಪಟ್ಟಿಕೆಯೇ ಇರಲಿಲ್ಲ.

ಬದುಕುಳಿದ ಯೋಧನ ಹೆಸರು ಹೊತ್ತ ಕಲ್ಲೂ ಒಂದುಂಟು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಶಾಸನವು ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನನ್ನು ಹೊಗಳುತ್ತದೆ, ಅವನಿಗೆ ಬಾಳ್ಗಚ್ಚಾಗಿ ಭೂಮಿ ದೊರೆತದ್ದನ್ನೂ ಹೇಳುತ್ತದೆ. ಆದರೆ ಆ ಕಲ್ಲು ನೆಟ್ಟದ್ದು ಅವನಿಗಾಗಿ ಅಲ್ಲ. ಹಂದಿಯೊಡನೆ ಹೋರಾಡಿ ಸತ್ತ ಅವನ ನಾಯಿ ಕಾಳಿಗಾಗಿ. ಸ್ಮಾರಕಕ್ಕೆ ಮರಣವೇ ಅರ್ಹತೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ಪ್ರದೇಶಕ್ಕೆ ಯುದ್ಧಗಳ ಕೊರತೆಯಿರಲಿಲ್ಲ. 1749ರಲ್ಲಿ ಮೈಸೂರಿನ ಸೈನ್ಯವು ದೇವನಹಳ್ಳಿಯ ಕೋಟೆಯನ್ನು ತಿಂಗಳುಗಟ್ಟಲೆ ಮುತ್ತಿತು. ಹೈದರನು ಮೊದಲು ಹೆಸರು ಪಡೆದದ್ದು ಅಲ್ಲಿಯೇ. 1768ರ ಆಗಸ್ಟಿನಲ್ಲಿ ಅದೇ ಹೈದರನು ಹೊಸಕೋಟೆಯಲ್ಲಿ ಬೀಡುಬಿಟ್ಟಿದ್ದ ಮುರಾರಿರಾಯನ ಪಾಳೆಯದ ಮೇಲೆ ರಾತ್ರಿ ದಾಳಿ ಮಾಡಿದನು. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ದೇವನಹಳ್ಳಿಯನ್ನು ವಶಪಡಿಸಿಕೊಂಡಿತು. ಈ ಕಾಳಗಗಳಲ್ಲಿ ಗಾಯಗೊಂಡವರ ವಿಚಾರವನ್ನು ಚರಿತ್ರಕಾರರು ಒಂದು ಸಂಖ್ಯೆಯಲ್ಲಿ ಮುಗಿಸಿಬಿಡುತ್ತಾರೆ. ಗರಡಿಯಲ್ಲಿ ಪಳಗಿದ ಆಳುಗಳೇ ದಂಡಿಗೂ ಹೋಗುತ್ತಿದ್ದ ಕಾಲವದು. ಗಾಯಾಳುವಾಗಿ ಬಂದ ಜಟ್ಟಿ ಮತ್ತೆ ಮಟ್ಟಿಗಿಳಿದನೇ ಎಂದು ಕೇಳುವವರೂ ಬರೆಯುವವರೂ ಇರಲಿಲ್ಲ.

ಈ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರ ಹುಟ್ಟುವುದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ, ಅದೂ ಮೊದಲು ಆಸ್ಪತ್ರೆಯಲ್ಲಿ. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಬೆನ್ನುಹುರಿಗೆ ಪೆಟ್ಟಾದ ಸೈನಿಕರಲ್ಲಿ ಬಹುಪಾಲು ಮಂದಿ ಹಾಸಿಗೆ ಹುಣ್ಣು, ಮೂತ್ರಕೋಶದ ಸೋಂಕುಗಳಿಂದ ಬೇಗನೆ ತೀರಿಕೊಳ್ಳುತ್ತಿದ್ದರು. ನಾಜಿಗಳ ಕಾಟದಿಂದ 1939ರಲ್ಲಿ ಜರ್ಮನಿಯನ್ನು ಬಿಟ್ಟು ಬಂದ ನರವೈದ್ಯ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ವಿಭಾಗವನ್ನು ತೆರೆದರು. ರೋಗಿಗಳನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ ಮಲಗಿಸುವುದು, ಕೆಲಸ ಕಲಿಸುವುದು, ಆಟವಾಡಿಸುವುದು, ಇವು ಅವರ ಚಿಕಿತ್ಸೆಯ ಅಂಗಗಳು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಗಾಲಿಕುರ್ಚಿಯ ಮೇಲಿದ್ದ 16 ಮಂದಿ ಮಾಜಿ ಸೈನಿಕರು ಮತ್ತು ಸೈನಿಕ ಮಹಿಳೆಯರು ಅಲ್ಲಿ ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. 1960ರಲ್ಲಿ ರೋಮಿನಲ್ಲಿ ಸುಮಾರು 400 ಸ್ಪರ್ಧಿಗಳು ನೆರೆದರು. ಪ್ಯಾರಾಲಿಂಪಿಕ್ಸಿನ ಮೂಲ ಇಲ್ಲಿದೆ. ವ್ಯಾಯಾಮವನ್ನು ಔಷಧವೆಂದು ಭಾವಿಸಿದುದರಿಂದ ಹುಟ್ಟಿದ ಈ ಕ್ರೀಡೆ, ಕಾಲಕ್ರಮದಲ್ಲಿ ಔಷಧವೆಂಬ ಹಣೆಪಟ್ಟಿಯನ್ನು ಕಳಚಿಕೊಳ್ಳಲು ಬಹಳ ಹೆಣಗಬೇಕಾಯಿತೆಂಬುದನ್ನು ಮುಂದೆ ನೋಡಬಹುದು.

ಭಾರತದಲ್ಲಿ ಈ ಮಾರ್ಗವನ್ನು ಮೊದಲು ತುಳಿದ ಯೋಧ ಮುರಳಿಕಾಂತ ಪೇಟ್ಕರ್. ಅವರು 1944ರಲ್ಲಿ ಜನಿಸಿದುದು ಸಾಂಗಲಿ ಜಿಲ್ಲೆಯ ಇಸ್ಲಾಂಪುರದ ಬಳಿಯ ಪೇಠ ಎಂಬ ಊರಿನಲ್ಲಿ. ಮರಾಠಿ ಮನೆಮಾತಿನವರಾದರೂ ಆ ಜಿಲ್ಲೆ ಜತ್ತ ತಾಲ್ಲೂಕಿನ ಮೂಲಕ ಕನ್ನಡ ನಾಡಿಗೆ ಅಂಟಿಕೊಂಡದ್ದು. ಕೊಲ್ಲಾಪುರ, ಸಾಂಗಲಿ, ಬೆಳಗಾವಿ, ಧಾರವಾಡಗಳ ಕುಸ್ತಿಯ ಕಣಗಳಿಗೆ ಭಾಷೆಯ ಗಡಿ ಎಂದೂ ಅಡ್ಡಬಂದಿಲ್ಲ. ಪೇಟ್ಕರರ ಮೊದಲ ಒಲವೂ ಕುಸ್ತಿಯೇ. ಬಾಲಕರಾಗಿಯೇ ಸೈನ್ಯವನ್ನು ಸೇರಿ, ಯಂತ್ರಶಿಲ್ಪಿಗಳ ದಳವಾದ ಇ.ಎಂ.ಇ.ಯಲ್ಲಿ ಮುಷ್ಟಿಯುದ್ಧವನ್ನು ಕಲಿತು, 1964ರಲ್ಲಿ ಟೋಕಿಯೋದಲ್ಲಿ ನಡೆದ ಅಂತರರಾಷ್ಟ್ರೀಯ ಸೇನಾ ಕ್ರೀಡಾಕೂಟಕ್ಕೆ ಹೋಗಿಬಂದರು. ಸೈನ್ಯದಲ್ಲಿ ಕ್ರೀಡಾಪಟುವಾಗಿರುವುದೇ ಒಂದು ವೃತ್ತಿಯೆಂಬುದನ್ನು ಇಲ್ಲಿ ನೆನೆಯಬೇಕು. ಸಂಬಳ, ಆಹಾರ, ತರಬೇತಿ ಎಲ್ಲವೂ ದಳದ ಹೊಣೆ.

ಮರುವರ್ಷ ಪಾಕಿಸ್ತಾನದೊಡನೆ ಯುದ್ಧ. ಸಿಯಾಲ್‌ಕೋಟ್ ರಣರಂಗದಲ್ಲಿ ವಿಮಾನದಾಳಿಯ ಎಚ್ಚರಿಕೆಯ ಸಿಳ್ಳೆಯನ್ನು ಹಲವರು ಚಹಾದ ಕರೆಯೆಂದು ತಿಳಿದು ಹೊರಬಂದರೆಂದು ಪೇಟ್ಕರರೇ ಮುಂದೆ ಹೇಳಿದ್ದಾರೆ. ಹಲವು ಗುಂಡುಗಳು ಅವರನ್ನು ಹೊಕ್ಕವು. ಕೆಳಗೆ ಬಿದ್ದವರ ಮೇಲೆ ಸೈನ್ಯದ್ದೇ ಒಂದು ವಾಹನವೂ ಹರಿಯಿತು. ಒಂದು ಗುಂಡು ಬೆನ್ನುಮೂಳೆಯಲ್ಲಿಯೇ ಉಳಿಯಿತು. ಸೊಂಟದಿಂದ ಕೆಳಗೆ ದೇಹ ಸ್ವಾಧೀನ ತಪ್ಪಿತು. ಮುಂಬಯಿಯ ನೌಕಾದಳದ ಅಶ್ವಿನಿ ಆಸ್ಪತ್ರೆಯಲ್ಲಿ ದೀರ್ಘಕಾಲ ಇದ್ದಾಗ, ಅಂಗಮರ್ದನದಂತೆಯೇ ಈಜನ್ನೂ ವೈದ್ಯರು ವಿಧಿಸಿದರು. ನೀರು ಸೊಂಟದ ಭಾರವನ್ನು ಹೊರುತ್ತದೆ. ಮುಷ್ಟಿಯುದ್ಧದಿಂದ ಬಲಿತ ಭುಜಗಳಿಗೆ ಅಲ್ಲಿ ಕೆಲಸ ದೊರೆಯುತ್ತದೆ. ವಿಧಿಸಿದ್ದು ಚಿಕಿತ್ಸೆ, ಪೇಟ್ಕರರು ಕಂಡದ್ದು ಸ್ಪರ್ಧೆ.

ಇಲ್ಲಿ ಇನ್ನೊಬ್ಬರ ಹೆಸರನ್ನು ಹೇಳದಿದ್ದರೆ ತಪ್ಪಾದೀತು. ಟೆಸ್ಟ್ ಕ್ರಿಕೆಟಿಗರಾಗಿದ್ದ ವಿಜಯ ಮರ್ಚಂಟರು ಅಂಗವಿಕಲರ ನೆರವಿಗಾಗಿ ದುಡಿದವರು. ಪೇಟ್ಕರರ ವಿದೇಶಯಾತ್ರೆಗಳಿಗೆ ಆಧಾರವಾದದ್ದು ಅವರ ಸಂಸ್ಥೆಯ ಸಹಾಯ. 1968ರಲ್ಲಿ ಮೆಕ್ಸಿಕೋ ಹಿಂದೆಗೆದುದರಿಂದ ಟೆಲ್ ಅವೀವಿನಲ್ಲಿ ನಡೆದ ಕ್ರೀಡಾಕೂಟಕ್ಕೆ ಭಾರತವು ಮೊದಲ ಬಾರಿಗೆ ಸ್ಪರ್ಧಿಗಳನ್ನು ಕಳುಹಿಸಿತು. ಪೇಟ್ಕರರು ಅಲ್ಲಿ ಮೇಜು ಟೆನಿಸ್ ಆಡಿದರು. 1970ರಲ್ಲಿ ಎಡಿನ್‌ಬರೋದ ಕಾಮನ್‌ವೆಲ್ತ್ ಪ್ಯಾರಾಪ್ಲೀಜಿಕ್ ಕ್ರೀಡೆಗಳಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗಳಿಸಿದರು. 1972ರ ಆಗಸ್ಟಿನಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 50 ಮೀಟರ್ ಫ್ರೀಸ್ಟೈಲನ್ನು 37.33 ಸೆಕೆಂಡುಗಳಲ್ಲಿ ಈಜಿ ವಿಶ್ವದಾಖಲೆಯೊಡನೆ ಚಿನ್ನದ ಪದಕವನ್ನು ಪಡೆದರು. ಒಲಿಂಪಿಕ್ ಮತ್ತು ಪ್ಯಾರಾಲಿಂಪಿಕ್ ಎರಡನ್ನೂ ಒಟ್ಟಿಗೆ ಎಣಿಸಿದರೆ ಭಾರತೀಯನೊಬ್ಬನ ಮೊದಲ ವೈಯಕ್ತಿಕ ಚಿನ್ನ ಇದು. ಶಾಲೆಯ ಮಕ್ಕಳಿಗೆ 2008ರ ಅಭಿನವ್ ಬಿಂದ್ರಾ ಅವರ ಚಿನ್ನವನ್ನೇ ಮೊದಲನೆಯದೆಂದು ಕಲಿಸುವಾಗ ಒಲಿಂಪಿಕ್ ಎಂಬ ಒಂದು ಪದವನ್ನು ಒತ್ತಿ ಹೇಳಬೇಕಾಗುತ್ತದೆ.

ಇದನ್ನು ಪುನರಾಗಮನವೆಂದು ಕರೆಯುವ ರೂಢಿಯಿದೆ. ಆ ಮಾತು ಎಷ್ಟು ಹೊಂದುತ್ತದೆ ಎಂಬುದು ವಿಚಾರಾರ್ಹ. ಅಮೆರಿಕದ ರಾಕಿ ಬ್ಲೈಯರ್ 1969ರಲ್ಲಿ ವಿಯೆಟ್ನಾಮಿನಲ್ಲಿ ಕಾಲಿಗೆ ಗಾಯಗೊಂಡು, ಹಿಂದಿರುಗಿ ತನ್ನ ಹಳೆಯ ಪಿಟ್ಸ್‌ಬರ್ಗ್ ತಂಡದಲ್ಲಿಯೇ ಅಮೆರಿಕನ್ ಫುಟ್‌ಬಾಲ್ ಆಡಿ ನಾಲ್ಕು ಸೂಪರ್ ಬೌಲ್ ಗೆಲುವುಗಳಲ್ಲಿ ಪಾಲುಗಾರನಾದನು. ಹಂಗೇರಿಯ ಕಾರೋಯ್ ಟಕಾಚ್ 1938ರಲ್ಲಿ, ಯುದ್ಧದಲ್ಲಲ್ಲ, ಸೇನಾ ಅಭ್ಯಾಸದಲ್ಲಿ ಸಿಡಿದ ಗ್ರೆನೇಡಿನಿಂದ ಬಲಗೈಯನ್ನು ಕೆಡಿಸಿಕೊಂಡು, ಎಡಗೈಯಲ್ಲಿ ಪಿಸ್ತೂಲು ಹಿಡಿದು 1948 ಮತ್ತು 1952ರಲ್ಲಿ ಒಲಿಂಪಿಕ್ ಚಿನ್ನವನ್ನು ಗೆದ್ದನು. ಇವರಿಬ್ಬರೂ ತಮ್ಮ ಆಟಕ್ಕೇ ಮರಳಿದರು. ಪೇಟ್ಕರರಿಗೆ ಮರಳಲು ಕಣವೇ ಉಳಿದಿರಲಿಲ್ಲ. ನಿಲ್ಲಲಾರದವನಿಗೆ ಮುಷ್ಟಿಯುದ್ಧವಿಲ್ಲ. ಅವರು ಹೊಸದಾಗಿ ಆರಂಭಿಸಿದರು. ಹಳೆಯದರಿಂದ ಉಳಿದದ್ದು ಭುಜಬಲ ಮತ್ತು ಅಭ್ಯಾಸದ ಶಿಸ್ತು. ಇದನ್ನು ಮನೋಬಲದ ಪವಾಡವೆಂದು ಮಾತ್ರ ವರ್ಣಿಸುವ ಬರೆಹಗಳಲ್ಲಿ ಆಸ್ಪತ್ರೆಯ ಕೊಳವೂ ಮರ್ಚಂಟರ ನೆರವೂ ಕಾಣೆಯಾಗುತ್ತವೆಂಬುದು ನಮ್ಮ ಆಕ್ಷೇಪಣೆ.

ಪದಕದ ತರುವಾಯ ಪೇಟ್ಕರರು ಪುಣೆಯಲ್ಲಿ ಟೆಲ್ಕೋ ಕಾರ್ಖಾನೆಯ ನೌಕರಿಯಲ್ಲಿದ್ದರು. 1982ರಲ್ಲಿ ಅರ್ಜುನ ಪ್ರಶಸ್ತಿಗೆ ಅರ್ಜಿ ಹಾಕಿದಾಗ ಅಂಗವಿಕಲರೆಂಬ ಕಾರಣದಿಂದ ಅದು ತಿರಸ್ಕೃತವಾಯಿತೆಂದು ಅವರು ಹೇಳಿದ್ದಾರೆ. ಆಟವನ್ನು ಚಿಕಿತ್ಸೆಯೆಂದೇ ಎಣಿಸುವ ಹಳೆಯ ದೃಷ್ಟಿ ಕಚೇರಿಯ ಮೇಜುಗಳಲ್ಲಿ ಬೇರೂರಿದ್ದಿತು. ಪದ್ಮಶ್ರೀ ಬಂದದ್ದು 2018ರಲ್ಲಿ, ಹೈಡೆಲ್‌ಬರ್ಗಿನ 46 ವರ್ಷಗಳ ಬಳಿಕ. ಅರ್ಜುನ ಪ್ರಶಸ್ತಿಯು ಜೀವಮಾನ ಸಾಧನೆಯ ಹೆಸರಿನಲ್ಲಿ 2025ರ ಜನವರಿಯಲ್ಲಿ ಅವರ ಕೈಸೇರಿತು. ಅಷ್ಟರೊಳಗೆ ಅವರ ಜೀವನವನ್ನು ಆಧರಿಸಿದ ಹಿಂದಿ ಚಲನಚಿತ್ರವೊಂದು 2024ರಲ್ಲಿ ತೆರೆಕಂಡಿತ್ತು.

ಈ ನಡುವಣ ಕಾಲದಲ್ಲಿ ಬೆಂಗಳೂರಿನ ಪಾತ್ರವೂ ಸಣ್ಣದಲ್ಲ. 1994ರಲ್ಲಿ ಅರ್ಜುನ ಪ್ರಶಸ್ತಿ ವಿಜೇತ ಎಂ. ಮಹದೇವ ಅವರು ಸ್ಥಾಪಕ ಕಾರ್ಯದರ್ಶಿಯಾಗಿ ಕಟ್ಟಿದ ಅಂಗವಿಕಲರ ಕ್ರೀಡಾ ಒಕ್ಕೂಟವು ಮುಂದೆ ಭಾರತದ ಪ್ಯಾರಾಲಿಂಪಿಕ್ ಸಮಿತಿಯಾಗಿ ಬೆಳೆಯಿತು. ಹಲಸೂರಿನಲ್ಲಿ 1834ರಿಂದ ನೆಲೆಸಿರುವ ಮದರಾಸು ಸ್ಯಾಪರುಗಳ ದಳದ ಯೋಧ, ಕುಂಭಕೋಣದ ಆನಂದನ್ ಗುಣಶೇಖರನ್, 2008ರಲ್ಲಿ ಗಡಿನಿಯಂತ್ರಣ ರೇಖೆಯ ಬಳಿ ನೆಲಬಾಂಬಿನಿಂದ ಎಡಗಾಲನ್ನು ಕಳೆದುಕೊಂಡರು. ಅವರು ಕೃತಕ ಕಾಲನ್ನು ತೊಟ್ಟು ಓಟಗಾರರಾದರು. 2019ರಲ್ಲಿ ಚೀನದ ವೂಹಾನಿನಲ್ಲಿ ನಡೆದ ವಿಶ್ವ ಸೇನಾ ಕ್ರೀಡಾಕೂಟದ ಅಂಗವಿಕಲರ ವಿಭಾಗದಲ್ಲಿ 100 ಮೀಟರ್ ಮತ್ತು 400 ಮೀಟರ್ ಓಟಗಳೆರಡರಲ್ಲೂ ಚಿನ್ನ ಗೆದ್ದರು. ಅದು ಅಂಗವಿಕಲರಿಗಾಗಿ ಬೇರೆ ನಡೆಸಿದ ಕೂಟವಲ್ಲ. ಅದೇ ಕೂಟದಲ್ಲಿ ಜಾವೆಲಿನ್ ಎಸೆದು ಗೆದ್ದ ಶಿವಪಾಲ್ ಸಿಂಗರ ಚಿನ್ನವೂ ಇವರ ಚಿನ್ನಗಳೂ ಭಾರತದ ಪದಕಗಳ ಒಂದೇ ಪಟ್ಟಿಯಲ್ಲಿ ಸೇರಿದವು.