ಹಂದಿಗೋಡು: ಕಾರಣ ಸಿಕ್ಕ ಮೇಲೆ

ನಮ್ಮೂರು ಮಂಡಗದ್ದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗೋ ದಾರಿಯಲ್ಲಿ ಸುಮಾರು 30 ಕಿ.ಮೀ. ಆದ್ಮೇಲೆ ತುಂಗೆಯ ನಡುಗಡ್ಡೆ ತುಂಬ ಹಕ್ಕಿ ಕೂತಿರುತ್ತವಲ್ಲ, ಅದೇ. ಬೆಂಗಳೂರಿನ ಗೆಳೆಯರಿಗೆ ನಮ್ಮ ಜಿಲ್ಲೆ ಅಂದ್ರೆ ಈ ಹಕ್ಕಿ, ಜೋಗ, ಕುಪ್ಪಳಿ. ಸಾಗರದ ಪಕ್ಕದಲ್ಲಿ ಹಂದಿಗೋಡು ಅಂತ ಒಂದು ಹಳ್ಳಿ ಇದೆ. ಅದರ ಹೆಸರು ವೈದ್ಯಕೀಯ ಪತ್ರಿಕೆಗಳಲ್ಲಿ ಸಿಗುತ್ತೆ, ಪ್ರವಾಸದ ಪಟ್ಟಿಯಲ್ಲಿ ಸಿಗೋದಿಲ್ಲ. ಅಂಗವಿಕಲರ ಹಕ್ಕಿನ ಮಾತು ಬಂದಾಗೆಲ್ಲ ನನಗೆ ದೆಹಲಿಗಿಂತ ಮೊದಲು ನೆನಪಾಗೋದು ಆ ಹಳ್ಳಿ.

1975ರ ಸುಮಾರಿಗೆ ಅಲ್ಲಿನ ಒಂದು ಕಾಯಿಲೆ ಹೊರಗಿನವರ ಗಮನಕ್ಕೆ ಬಂತು. ಸೊಂಟದ ಕೀಲು ಸವೆಯುತ್ತೆ, ನೋವು ಹೆಚ್ಚುತ್ತೆ, ನಡಿಗೆ ಓಲಾಡುತ್ತೆ. ಕೆಲವರಲ್ಲಿ ಬೆನ್ನುಮೂಳೆಗೂ ತಗುಲಿ ಎತ್ತರ ಕುಂಠಿತವಾಗುತ್ತೆ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಇದು ಕಾಣಿಸಿಕೊಂಡಿದ್ದು ಬಹುಪಾಲು ಚಲವಾದಿ, ಚನ್ನಂಗಿ ಸಮುದಾಯದ ದಲಿತ ಕುಟುಂಬಗಳಲ್ಲಿ. ಅಂದ್ರೆ ಗದ್ದೆಯಲ್ಲಿ ಬಗ್ಗಿ ದುಡಿದರೆ ಮಾತ್ರ ಒಲೆ ಉರಿಯುವ ಮನೆಗಳಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ಹೋದರು. 1977ರಲ್ಲಿ ಅವರ ಅಧ್ಯಯನ ಪ್ರಕಟವಾಯ್ತು.

ಆಗ ಹುಟ್ಟಿಕೊಂಡದ್ದು ಏಡಿಯ ಕಥೆ. ಗದ್ದೆಗೆ ಕೀಟನಾಶಕ ಹೊಡೀತಾರೆ, ವಿಷ ಗದ್ದೆಯ ಏಡಿಗೆ ಸೇರುತ್ತೆ, ಬಡವರು ಆ ಏಡಿ ತಿಂತಾರೆ, ಕೀಲು ಹಾಳಾಗುತ್ತೆ. ಹಸಿರು ಕ್ರಾಂತಿಯ ಕಾಲದಲ್ಲಿ ನಂಬೋಕೆ ಸುಲಭವಾದ ಕಥೆ, ಪರಿಸರದ ಕಾಳಜಿ ಇದ್ದವರಿಗಂತೂ ಇನ್ನೂ ಸುಲಭ. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ಸಂಶೋಧನೆ ಇದು ವಂಶವಾಹಿಯಿಂದ ಬರೋದು ಅಂತ ತೋರಿಸಿತು. ತಂದೆ ಅಥವಾ ತಾಯಿ, ಒಬ್ಬರಿಗಿದ್ದರೂ ಸಾಕು, ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ. ಹಾಗಾದ್ರೆ ಒಂದೆರಡು ಸಮುದಾಯಗಳೊಳಗೇ ಯಾಕೆ ಉಳೀತು? ನನ್ನ ಲೆಕ್ಕದಲ್ಲಿ ಉತ್ತರ ಪ್ರಯೋಗಾಲಯದಲ್ಲಿಲ್ಲ. ಉಳಿದ ಊರು ಅವರ ಮನೆಗೆ ಹೆಣ್ಣು ಕೊಡಲಿಲ್ಲ, ಅಲ್ಲಿಂದ ತರಲೂ ಇಲ್ಲ.

ಕಾರಣ ಸಿಕ್ಕಿತು, ಮದ್ದು ಸಿಗಲಿಲ್ಲ. ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಮಾಡಬಹುದು, ಅಷ್ಟೆ. ಇಷ್ಟು ವರ್ಷ ಕೇಳಿದ್ದು ‘ಇವರಿಗೆ ಏನಾಗಿದೆ?’ ಅಂತ. ‘ಇವರು ದಿನಾ ಹೇಗೆ ಬದುಕ್ತಾರೆ?’ ಅನ್ನೋ ಪ್ರಶ್ನೆಗೆ ದೇಶದ ಕಾನೂನು ಬಾಯಿಬಿಡಲು 1995ರವರೆಗೆ ಕಾಯಬೇಕಾಯ್ತು. ಅದೂ ದೆಹಲಿಯಲ್ಲಿ ಜಾವೇದ್ ಅಬಿದಿಯಂಥವರು ಬೀದಿಗಿಳಿದ ಮೇಲೆ. 1991ರ ಜನಗಣತಿ ಅಂಗವಿಕಲರನ್ನು ಎಣಿಸಿಯೇ ಇರಲಿಲ್ಲ! 2011ರಲ್ಲಿ ಕರ್ನಾಟಕದಲ್ಲೇ 13.24 ಲಕ್ಷ ಜನ ಲೆಕ್ಕಕ್ಕೆ ಸಿಕ್ಕರು.

1995ರ ಕಾಯ್ದೆಯಲ್ಲಿ ಇದ್ದದ್ದು ಏಳು ಬಗೆಯ ವೈಕಲ್ಯ. ಭಾರತ 2007ರಲ್ಲಿ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಒಪ್ಪಿಕೊಂಡಿತ್ತು. ಅದಕ್ಕೆ ತಕ್ಕ ಹಾಗೆ 2016ರಲ್ಲಿ ಹೊಸ ಕಾಯ್ದೆ ಬಂತು. ಏಳು ಇಪ್ಪತ್ತೊಂದಾಯ್ತು, ಸರ್ಕಾರಿ ಕೆಲಸದ ಮೀಸಲಾತಿ ಶೇ. 3ರಿಂದ ಶೇ. 4ಕ್ಕೆ ಏರಿತು. ಕುಬ್ಜತೆ ಮೊದಲ ಸಲ ಹೆಸರು ಹಿಡಿದು ಪಟ್ಟಿಗೆ ಸೇರಿತು. ಹಂದಿಗೋಡಿನ ಕೆಲವರಿಗೆ ಇದು ಸಣ್ಣ ಮಾತಲ್ಲ.

ಆದ್ರೆ ಮೀಸಲಾತಿಯ ಬಾಗಿಲು ತೆರೆಯೋದು ಶೇ. 40 ವೈಕಲ್ಯ ಇದೆ ಅಂತ ವೈದ್ಯರು ಬರೆದುಕೊಟ್ಟ ಮೇಲೆ. ಈ ಕಾಯಿಲೆಯೋ ವರ್ಷ ವರ್ಷ ಏರುವಂಥದ್ದು. ಶೇ. 35ರಲ್ಲಿರುವ ಹುಡುಗನಿಗೆ ನಾಟಿ ಮಾಡೋಕೂ ಆಗಲ್ಲ, ಆ ಬಾಗಿಲೂ ತೆರೆಯಲ್ಲ. ಮತ್ತೆ ತಪಾಸಣೆಗೆ ಹೋಗಬೇಕು ಅಂದ್ರೆ ಮತ್ತೊಂದು ದಿನದ ಕೂಲಿ ಹೋಯ್ತು.

2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಇನ್ನೊಂದು ಮುಖ್ಯ ಮಾತು ಹೇಳಿತು: ಕಟ್ಟಡ, ಸಾರಿಗೆ ಎಲ್ಲರಿಗೂ ಎಟುಕುವಂತೆ ಇರಬೇಕು ಅನ್ನೋದು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮ ಮಾಡಿ. ನಮ್ಮ ನಿಮ್ಮ ಆಫೀಸುಗಳಲ್ಲಿ ಒಂದು ರ‍್ಯಾಂಪ್, ಬ್ರೈಲ್ ಗುಂಡಿಯ ಲಿಫ್ಟ್ ಆಗಲೇ ಬಂದಿರಬಹುದು. ಸಾಗರದ ಕಡೆ ಕಡ್ಡಾಯ ಆಗಬೇಕಾದ್ದು ಬೇರೆ. ಅಂಗವಿಕಲರಿಗೆ ಕೆಎಸ್ಸಾರ್ಟಿಸಿಯ ರಿಯಾಯಿತಿ ಪಾಸ್ ಇದೆ, ಮನೆಯಿಂದ 100 ಕಿ.ಮೀ.ವರೆಗೆ. ಶಿವಮೊಗ್ಗದ ಆಸ್ಪತ್ರೆಗೆ ಧಾರಾಳ ಸಾಕು. ಕೆಂಪು ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ನೆಲದಿಂದ ಬಹಳ ಮೇಲಿದೆ. ಅದನ್ನು ಹತ್ತಬೇಕು ಅಂದ್ರೆ ಮಡಚಬೇಕಾದ್ದು ಸೊಂಟದ ಕೀಲನ್ನೇ.