ಮಲಪನಗುಡಿಯ ದಾರಿ ಹಿಡಿದವರು

ಪ್ರವಾಸವೆಂದರೆ ಮನೆಯ ಗಂಡಸರಿಗೆ ದಾರಿ ನೆನಪಾಗುತ್ತದೆ. ನಮಗೆ ಬುತ್ತಿ ನೆನಪಾಗುತ್ತದೆ. ಎಷ್ಟು ರೊಟ್ಟಿ ಬಡಿಯಬೇಕು, ಶೇಂಗಾ ಚಟ್ನಿಪುಡಿ ಎಷ್ಟು ಕಟ್ಟಬೇಕು, ಮಗುವಿಗೆ ರಾತ್ರಿ ಹೊದಿಸಲು ಏನಿದೆ ಎಂಬಲ್ಲಿಂದಲೇ ನಮ್ಮ ಪ್ರವಾಸ ಶುರು. ನಮ್ಮ ಅಜ್ಜಿಯರ ಕಾಲದಲ್ಲಿ ಹಂಪಿ ತೇರಿಗೆ ಬರುವವರು ಕೊಲ್ಲಾರಿ ಬಂಡಿ ಹೂಡಿಕೊಂಡು ಬರುತ್ತಿದ್ದರು. ಮರದ ನೆರಳಿನಲ್ಲಿ ಬಂಡಿ ಬಿಟ್ಟು, ಮೂರು ಕಲ್ಲಿಟ್ಟು ಒಲೆ ಹೂಡಿದರೆ ಅದೇ ಮನೆ. ಬಂಡಿಯ ಕೆಳಗೆ ಮಕ್ಕಳು ಮಲಗುತ್ತಿದ್ದವು. ಇಂದು ಡೇರೆ ಕಟ್ಟಿಕೊಂಡು ದೇಶ ಸುತ್ತುವುದು ಹೊಸ ಮೋಜು ಎಂದು ಕೇಳಿದಾಗಲೆಲ್ಲ ನನಗೆ ಆ ಮೂರು ಕಲ್ಲುಗಳ ನೆನಪಾಗುತ್ತದೆ.

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ, ಅನಂತಶಯನಗುಡಿ ದಾಟಿದ ಮೇಲೆ ಸಿಗುವ ಊರು ಮಲಪನಗುಡಿ. ಹಂಪಿಯನ್ನು ನೋಡುವ ಅವಸರದಲ್ಲಿ ಬಸ್ಸಿನಲ್ಲಿ ಕುಳಿತವರು ಇದರ ಕಡೆಗೆ ತಲೆ ತಿರುಗಿಸುವುದೂ ಕಡಿಮೆ. ಆದರೆ ಐದು ನೂರು ವರ್ಷಗಳ ಹಿಂದೆ ಇದು ಬರೀ ದಾರಿಯಾಗಿರಲಿಲ್ಲ, ಪೇಟೆಯಾಗಿತ್ತು. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಕೃಷ್ಣದೇವರಾಯ ಕಟ್ಟಿಸಿದ ಹೊಸ ಪಟ್ಟಣದಿಂದ ರಾಜಧಾನಿಯವರೆಗೆ ಅಗಲವಾದ ಬೀದಿ ಇತ್ತೆಂದೂ, ಇಕ್ಕೆಲದಲ್ಲಿ ಮನೆ, ಅಂಗಡಿಗಳಿದ್ದವೆಂದೂ, ದಾರಿಹೋಕರ ನೆರಳಿಗಾಗಿ ರಾಜನು ಸಾಲುಮರ ನೆಡಿಸಿದ್ದನೆಂದೂ ಬರೆದಿದ್ದಾನೆ. ಆ ಹೊಸ ಪಟ್ಟಣವೇ ನಮ್ಮ ಹೊಸಪೇಟೆ. ಪೇಸ್ ಬರೆದದ್ದು ಶತಮಾನಗಟ್ಟಲೆ ಹಸ್ತಪ್ರತಿಯಾಗಿಯೇ ಉಳಿದಿತ್ತು. 1897ರಲ್ಲಿ ಅದು ಲಿಸ್ಬನ್ನಿನಲ್ಲಿ ಅಚ್ಚಾಯಿತು. 1900ರಲ್ಲಿ ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ತಂದ. ನಮ್ಮ ಊರಿನ ಬೀದಿಯ ಸುದ್ದಿ ನಮಗೆ ತಿಳಿಯುವುದಕ್ಕೆ ಇಷ್ಟು ದೂರ ಸುತ್ತಿ ಬರಬೇಕಾಯಿತು.

ಪೇಸ್ ಕಂಡದ್ದು ವೈಭವದ ದಿನಗಳ ದಾರಿ. ಅದು ಕೆಟ್ಟ ಮೇಲೆ ಬಂದವನು ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್. ಅವನ ನಾಡಿನವರು ಚೆಸಾರೆ ಫೆದೆರಿಚಿ ಎನ್ನುತ್ತಾರೆ. 1565ರ ಯುದ್ಧದಲ್ಲಿ ವಿಜಯನಗರ ಹಾಳಾಗಿ ಎರಡು ವರ್ಷವಾಗಿತ್ತು. ಒಂದು ತಿಂಗಳಲ್ಲಿ ಮುಗಿಯುವ ಕೆಲಸಕ್ಕೆಂದು 1567ರಲ್ಲಿ ಬಂದವನು, ದಾರಿಯಲ್ಲಿ ಕಳ್ಳರ ಕಾಟವೆಂದು ಏಳು ತಿಂಗಳು ಇಲ್ಲೇ ಉಳಿದ. ಹೊರಟದ್ದು ಜುಲೈ ತಿಂಗಳಲ್ಲಿ, ಮುಂಗಾರಿನ ನಡುವೆ. ಎರಡು ಎತ್ತು ಕೊಂಡ. ಒಂದು ಸವಾರಿಗೆ, ಇನ್ನೊಂದು ದಾರಿಯ ಆಹಾರ ಹೊರಲು. ಗೋವೆಗೆ ಎಂಟು ದಿನದ ಹಾದಿ. ಅವನಿಗೆ ಅಂಕೋಲೆಯ ಕಡಲತೀರ ಸೇರಲೇ ಹದಿನೈದು ದಿನ ಹಿಡಿಯಿತು. ಬುತ್ತಿ ಹೊತ್ತ ಎತ್ತು ಸೋತು ಹೋಯಿತು. ಇನ್ನೊಂದು, ಹೊಳೆ ಈಜುವಾಗ ನಡುಗಡ್ಡೆಯ ಹುಲ್ಲು ಕಂಡು ಅಲ್ಲೇ ನಿಂತುಬಿಟ್ಟಿತು! ಕರೆದರೂ ಬರಲಿಲ್ಲ, ಹೋಗಿ ಹಿಡಿಯಲೂ ಆಗಲಿಲ್ಲ. ಅಷ್ಟು ದೊಡ್ಡ ವ್ಯಾಪಾರಿ ಮಳೆಯಲ್ಲಿ ಏಳು ದಿನ ನಡೆದ. ಕೊನೆಗೆ ಅವನ ಬಟ್ಟೆಬರೆ, ಆಹಾರ ಹೊತ್ತವರು ದಾರಿಯಲ್ಲಿ ಸಿಕ್ಕ ಕೂಲಿಯವರು. ಆಳುವವರು ಜಗಳವಾಡಿದರೆ ದಾರಿಯಲ್ಲಿ ಹೋಗುವವನ ಗತಿ ಏನಾಗುತ್ತದೆಂದು ತಿಳಿಯಲು, ಯಾವ ಯುದ್ಧವರ್ಣನೆಗಿಂತ ಆ ಎರಡು ಎತ್ತುಗಳ ಕತೆಯೇ ನನಗೆ ಸಾಕೆನಿಸುತ್ತದೆ.

ಆದರೆ ನಾನು ಹೆಚ್ಚು ಯೋಚಿಸುವುದು ಇವರಿಬ್ಬರಿಗೂ ಮೊದಲು, 1420ರ ಸುಮಾರಿಗೆ ಬಂದ ನಿಕೊಲೊ ಕಾಂಟಿಯ ವಿಚಾರವನ್ನು. ಇವನೂ ವೆನಿಸ್ ರಾಜ್ಯದವನೇ. ಹಬ್ಬದಲ್ಲಿ ಹಚ್ಚುವ ಎಳ್ಳೆಣ್ಣೆಯ ದೀಪಗಳನ್ನೂ, ದಾರಿಯಲ್ಲಿ ಹೋಗುವವರ ಮೇಲೆ, ರಾಜ ರಾಣಿಯರ ಮೇಲೂ, ಕೇಸರಿ ನೀರೆರಚುವ ಓಕುಳಿಯನ್ನೂ ಅವನು ಹೇಳಿದ್ದಾನೆ. ಶಾಲೆಯ ಪುಸ್ತಕದಲ್ಲಿ ಇಷ್ಟನ್ನು ನಾವೆಲ್ಲ ಓದಿದ್ದೇವೆ. ಪುಸ್ತಕ ಹೇಳದ ಮಾತು ಬೇರೆಯಿದೆ. ಇವನು ಪೂರ್ವ ದೇಶಗಳಲ್ಲಿರುವಾಗಲೇ ಮದುವೆಯಾಗಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡೇ ತಿರುಗಿದ. ಊರಿಗೆ ಮರಳುವ ದಾರಿಯಲ್ಲಿ, ಅರಬ್ಬರ ಗಡಿಯಲ್ಲಿ, ತನ್ನ ಜೀವಕ್ಕಿಂತ ಹೆಚ್ಚಾಗಿ ಇವರ ಜೀವಕ್ಕೆ ಹೆದರಿ ಮತವನ್ನೇ ಬಿಡಬೇಕಾಯಿತು. ಈಜಿಪ್ಟ್ ಮುಟ್ಟಿದಾಗ ಪ್ಲೇಗು ಬಂತು. ಹೆಂಡತಿ, ಇಬ್ಬರು ಮಕ್ಕಳು, ಆಳುಗಳು ಎಲ್ಲರೂ ಅಲ್ಲೇ ತೀರಿಕೊಂಡರು. 1444ರ ಹೊತ್ತಿಗೆ ಉಳಿದ ಇಬ್ಬರು ಮಕ್ಕಳೊಂದಿಗೆ ವೆನಿಸ್ ಸೇರಿದ. ಮತ ಬಿಟ್ಟದ್ದಕ್ಕೆ ಕ್ಷಮೆ ಬೇಡಿ ಪೋಪರ ಬಳಿ ಹೋದಾಗ, ಅವರ ಕಾರ್ಯದರ್ಶಿ ಪೊಗ್ಗಿಯೊ ಅವನ ಕತೆಯನ್ನೆಲ್ಲ ಕೇಳಿ ಲ್ಯಾಟಿನ್ನಿನಲ್ಲಿ ಬರೆದಿಟ್ಟ.

ಬರೆದದ್ದರಲ್ಲಿ ರತ್ನಗಳ ಲೆಕ್ಕವಿದೆ, ಮೆಣಸಿನ ಲೆಕ್ಕವಿದೆ, ನಗರದ ಸುತ್ತಳತೆ ಅರವತ್ತು ಮೈಲಿಯೆಂಬ ಲೆಕ್ಕವೂ ಇದೆ. ಆ ಹೆಂಡತಿಯ ಹೆಸರು ಮಾತ್ರ ಇಲ್ಲ. ಹಡಗಿನಲ್ಲಿ, ಮರಳುಗಾಡಿನಲ್ಲಿ, ಕಂಡರಿಯದ ಊರುಗಳಲ್ಲಿ ನಾಲ್ಕು ಮಕ್ಕಳನ್ನು ಸಾಕಿದವಳು. ದಿನಕ್ಕೊಂದು ಬಿಡಾರದಲ್ಲಿ ಒಲೆ ಹಚ್ಚಿದ್ದು ಅವಳೋ ಆಳುಗಳೋ, ಮಕ್ಕಳಿಗೆ ಜ್ವರ ಬಂದಾಗ ಯಾವ ಕಷಾಯ ಕೊಟ್ಟಳೋ, ಯಾವ ಭಾಷೆಯಲ್ಲಿ ಜೋಗುಳ ಹಾಡಿದಳೋ, ಕೇಳಿದವನೂ ಕೇಳಲಿಲ್ಲ, ಹೇಳಿದವನೂ ಹೇಳಲಿಲ್ಲ. ಗಂಡ ಸತ್ತರೆ ಹೆಂಡತಿಯನ್ನು ಚಿತೆಗೇರಿಸುವುದನ್ನು ಕಾಂಟಿಯೂ ಫ್ರೆಡರಿಕನೂ ವಿವರವಾಗಿ ಬರೆಸಿದ್ದಾರೆ. ಹೆಣ್ಣು ಸಾಯುವುದು ದಾರಿಹೋಕರ ಕಣ್ಣಿಗೆ ಬಿತ್ತು; ಬದುಕಿದ್ದು ಬೀಳಲಿಲ್ಲ.

ಮಲಪನಗುಡಿಯಲ್ಲಿ ವಿಜಯನಗರ ಕಾಲದ ದೊಡ್ಡ ಬಾವಿಯೊಂದಿದೆ. ಜನ ಅದನ್ನು ಸೂಳೆಬಾವಿ ಎನ್ನುತ್ತಾರೆ. ಆ ಮಾತನ್ನು ನಾಲಗೆಯ ಮೇಲೆ ತರಲು ನಮಗೆ ಸಂಕೋಚ. ಆದರೆ ಕಲ್ಲು ಕಟ್ಟಿದ ಆ ಆಳ ನೋಡಿದರೆ ಎಷ್ಟು ಜನರ ದಾಹ ತೀರಿಸಿರಬೇಕೆನಿಸುತ್ತದೆ. ಬಾವಿಯ ಹೆಸರಿನಲ್ಲಾದರೂ ಒಬ್ಬ ಹೆಣ್ಣಿನ ಸುಳಿವಿದೆ. ಅವಳಿಗೂ ಸ್ವಂತ ಹೆಸರಿಲ್ಲ, ಜನ ಇಟ್ಟ ಬಿರುದು ಮಾತ್ರ.

ಮಕ್ಕಳನ್ನು ಕರೆದುಕೊಂಡು ಹಂಪಿಗೆ ಹೋಗುವವರಿಗೆ ನನ್ನದೊಂದು ಮಾತು: ಮಲಪನಗುಡಿಯಲ್ಲಿ ಇಳಿಯಿರಿ. ಈ ದಾರಿಯಲ್ಲಿ ಪೇಸ್ ಬಂದ ಎಂದು ಹೇಳಿ, ಎತ್ತು ಕಳೆದುಕೊಂಡ ಫ್ರೆಡರಿಕನ ಕತೆ ಹೇಳಿ ನಗಿಸಿ. ಕಾಂಟಿಯ ಹೆಂಡತಿಯ ಸುದ್ದಿಯನ್ನೂ ಹೇಳಿ. ಅವಳ ಹೆಸರೇನೆಂದು ಮಗಳು ಕೇಳಿದರೆ, ಯಾರೂ ಬರೆದಿಡಲಿಲ್ಲ ಎಂದು ನಿಜವನ್ನೇ ತಿಳಿಸಿ. ಮುಂದೆ ಬರೆಯುವವಳು ಅವಳೇ ಆಗಬಹುದು.