ಜಾಲಾಡಿದ ಮಣ್ಣು
(ಬಾನುಲಿ ಭಾಷಣ)

ಕದರಮಂಡಲಗಿಯ ಕಾಂತೇಶನ ಗುಡಿಗೆ ಹೋದವರು ಕನಕದಾಸರ ಹೆಸರು ಕೇಳದೆ ಮರಳುವುದಿಲ್ಲ. ಬಾಡದ ತಿಮ್ಮಪ್ಪ ನಾಯಕನಿಗೆ ನೆಲ ಅಗೆಯುವಾಗ ಹೊನ್ನಿನ ಕೊಪ್ಪರಿಗೆ ದೊರೆತು, ಅಂದಿನಿಂದ ಆತ ಕನಕನಾಯಕನಾದನೆಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಐತಿಹ್ಯ. ಆ ಹೊನ್ನು ದೇವರ ಕಾರ್ಯಕ್ಕೆ ವಿನಿಯೋಗವಾಯಿತೆಂದೂ ಹೇಳುತ್ತಾರೆ. ಹೊನ್ನು ಎಲ್ಲಿಗೆ ಹೋಯಿತೆಂಬುದನ್ನು ಐತಿಹ್ಯ ತಿಳಿಸುತ್ತದೆ. ಅಗೆದ ಮಣ್ಣು ಎಲ್ಲಿಗೆ ಹೋಯಿತೆಂಬುದನ್ನು ತಿಳಿಸುವುದಿಲ್ಲ. ಐತಿಹ್ಯಕ್ಕೆ ಅದು ಬೇಕಾಗಿಯೂ ಇಲ್ಲ. ಆದರೆ ಗಣಿಗಳ ಚರಿತ್ರೆ ಬರೆದವರೂ ಬಹುಮಟ್ಟಿಗೆ ಹೀಗೆಯೇ ನಡೆದುಕೊಂಡಿದ್ದಾರೆ. ನಾನು ಇಂದು ಆ ಮಣ್ಣಿನ ಮಾತನ್ನೇ ಆಡಬೇಕೆಂದಿದ್ದೇನೆ.

ನಾನು ಭೂವಿಜ್ಞಾನಿಯಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದ್ದರಿಂದ ಒಂದು ಶಬ್ದದಿಂದಲೇ ಆರಂಭಿಸುತ್ತೇನೆ. 'ಜಲಗಾರ' ಎಂದೊಡನೆ ಸಾಹಿತ್ಯಾಸಕ್ತರಿಗೆ ಕುವೆಂಪು ಅವರ ನಾಟಕ ನೆನಪಾಗುತ್ತದೆ. ಅಲ್ಲಿ ಜಲಗಾರನೆಂದರೆ ಬೀದಿ ಗುಡಿಸುವವನು. ಈ ಶಬ್ದಕ್ಕೆ ಇನ್ನೊಂದು ಅರ್ಥವಿದೆ. ಹಳ್ಳದ ಮರಳನ್ನೋ ಅಕ್ಕಸಾಲಿಗರ ಅಂಗಡಿಯ ದೂಳನ್ನೋ ನೀರಿನಲ್ಲಿ ಜಾಲಾಡಿ ಚಿನ್ನದ ಕಣಗಳನ್ನು ಹೆಕ್ಕುವವನೂ ಜಲಗಾರನೇ. ಕಸ ತೆಗೆಯುವವನಿಗೂ ಹೊನ್ನು ತೆಗೆಯುವವನಿಗೂ ಭಾಷೆ ಒಂದೇ ಹೆಸರಿಟ್ಟಿತು! ರಾಬರ್ಟ್ ಬ್ರೂಸ್ ಫೂಟ್ ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತು ೧೮೭೪ರಲ್ಲಿ ಬರೆದಾಗ ಸೊರಟೂರಿನ ಸುತ್ತಿನ ಹಳ್ಳಗಳಲ್ಲಿ ಈ ಜಲಗಾರರು ಇನ್ನೂ ಕೆಲಸ ಮಾಡುತ್ತಿದ್ದರು. ಜಲಗಾರನ ತಟ್ಟೆಯಿಂದ ಚೆಲ್ಲಿದ ಮರಳು ಅದೇ ಹಳ್ಳಕ್ಕೆ ಸೇರುತ್ತಿತ್ತು. ರಾಶಿಯಾಗುವಷ್ಟು ಅದು ಇರುತ್ತಲೂ ಇರಲಿಲ್ಲ.

ರಾಯಚೂರು ಸೀಮೆಯ ಹಟ್ಟಿಯಲ್ಲಿ ಅದಕ್ಕೂ ಬಹು ಹಿಂದೆ, ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಬಿರುಕು ಬಿಡಿಸಿ, ಸುಮಾರು ೬೦೦ ಅಡಿ ಆಳಕ್ಕೆ ಇಳಿದವರಿದ್ದರು. ಪ್ರಾಸಂಗಿಕವಾಗಿ ಒಂದು ಮಾತು: ಅಲ್ಲಿಗೆ ಸಮೀಪದ ಮಸ್ಕಿಯಲ್ಲಿ ೧೯೧೫ರಲ್ಲಿ ಅಶೋಕನ ಶಾಸನವನ್ನು ಕಂಡವನು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. 'ದೇವಾನಾಂಪ್ರಿಯ' ಯಾರೆಂಬ ವಿವಾದ ಬಗೆಹರಿಯಲು ಚಿನ್ನ ಹುಡುಕಲು ಹೊರಟವನೊಬ್ಬ ಕಾರಣನಾದ.

ಮಣ್ಣಿನ ಪ್ರಶ್ನೆ ನಿಜವಾಗಿ ಹುಟ್ಟಿದ್ದು ಕೋಲಾರದಲ್ಲಿ. ಜಾನ್ ಟೇಲರ್ ಕಂಪೆನಿ ೧೮೮೦ರಲ್ಲಿ ಅಲ್ಲಿಗೆ ಕಾಲಿಟ್ಟಿತು. ೧೮೮೭ರಲ್ಲಿ ಗ್ಲಾಸ್ಗೋದ ಮೆಕಾರ್ಥರ್ ಮತ್ತು ಫಾರೆಸ್ಟ್ ಸೋದರರು ಸೈನೈಡಿನ ವಿಧಾನವನ್ನು ಕಂಡುಹಿಡಿದರು. ಕಲ್ಲನ್ನು ಹಿಟ್ಟಿನಂತೆ ಅರೆದು ಸೈನೈಡ್ ದ್ರಾವಣದಲ್ಲಿ ನೆನೆಸಿದರೆ ಕಣ್ಣಿಗೆ ಕಾಣದ ಚಿನ್ನವೂ ಅದರಲ್ಲಿ ಕರಗಿ ಬರುತ್ತದೆ. ಬಳಿಕ ಸತುವಿನ ಹುಡಿ ಬೆರೆಸಿ ಅದನ್ನು ಬೇರ್ಪಡಿಸುತ್ತಾರೆ. ಉಳಿದ ರಾಡಿಯನ್ನು ಗಣಿಯ ಮಗ್ಗುಲಲ್ಲೇ ಸುರಿದರು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದದ್ದನ್ನು ನಾವು ಪಠ್ಯಪುಸ್ತಕಗಳಲ್ಲಿ ಅಭಿಮಾನದಿಂದ ಓದಿಸಿದೆವು. ಆ ವಿದ್ಯುತ್ತಿನಿಂದ ಅರೆದ ಕಲ್ಲು ಊರ ಪಕ್ಕದಲ್ಲಿ ಬೆಟ್ಟವಾಗುತ್ತಿದ್ದುದು ಪಾಠಕ್ಕೆ ಬರಲಿಲ್ಲ. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಹೊರಟ ಚಿನ್ನ ಸುಮಾರು ೮೦೦ ಟನ್. ನಿಂತ ಹುಡಿ ೧೩ ದಿಬ್ಬಗಳಲ್ಲಿ ಸುಮಾರು ೩ ಕೋಟಿ ೩೦ ಲಕ್ಷ ಟನ್. ಭಾಗಿಸಿ ನೋಡಿದರೆ, ನಾಲ್ಕು ಗ್ರಾಮಿನ ಒಂದು ತಾಳಿಗೆ ಒಂದೂವರೆ ಕ್ವಿಂಟಾಲಿಗೂ ಮೀರಿದ ಹುಡಿ.

ಊರಿನವರು ಅವನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಬಿಸಿಲಿಗೆ ಸೈನೈಡ್ ಕಾಲಕ್ರಮದಲ್ಲಿ ಕ್ಷೀಣಿಸುತ್ತದೆಂದು ರಸಾಯನಶಾಸ್ತ್ರಜ್ಞರು ಹೇಳುವುದು ದಿಟವೇ. ಆದರೆ ನುಣ್ಣಗೆ ಅರೆದ ಕಲ್ಲು ಕ್ಷೀಣಿಸುವುದಿಲ್ಲ. ಅದರೊಳಗಿನ ಗಂಧಕದ ಖನಿಜಗಳು ಗಾಳಿ ನೀರು ತಗುಲಿ ಆಮ್ಲವಾಗುತ್ತವೆ. ಒಣ ಗಾಳಿ ಬೀಸುವ ತಿಂಗಳುಗಳಲ್ಲಿ ಆ ದೂಳು ಮನೆಯೊಳಗೆ, ಕುಡಿಯುವ ನೀರಿನ ಮೇಲೆ ಬಂದು ಕೂರುತ್ತದೆ. ಮಳೆಗಾಲದಲ್ಲಿ ಕೊರಕಲು ಬಿದ್ದು ತಗ್ಗಿಗೆ ಹರಿಯುತ್ತದೆ. ಚಿತ್ರೀಕರಣಕ್ಕೆಂದು ಬಂದ ಸಿನಿಮಾದವರಿಗೆ ಅದು ರಮ್ಯ ದೃಶ್ಯ. ನಮ್ಮ ರೈತನ ತಿಪ್ಪೆ ವರ್ಷಕ್ಕೊಮ್ಮೆ ಹೊಲಕ್ಕೆ ಹೋಗಿ ಕರಗುತ್ತದೆ. ಈ ತಿಪ್ಪೆಗೆ ಹೋಗಲು ಹೊಲವಿಲ್ಲ.

ಕುದುರೆಮುಖದಲ್ಲಿ ಬೇರೆ ದಾರಿ ಹಿಡಿದರು. ಇರಾನಿಗೆ ಕಬ್ಬಿಣದ ಅದಿರು ಕಳಿಸಲೆಂದು ೧೯೭೬ರಲ್ಲಿ ಕಂಪೆನಿ ಸ್ಥಾಪನೆಯಾಯಿತು. ೧೯೭೯ರಲ್ಲಿ ಅಲ್ಲಿ ಕ್ರಾಂತಿಯಾಗಿ ಕೊಳ್ಳುವವರೇ ಇಲ್ಲದಂತಾಯಿತು. ಆದರೂ ಕೆಲಸ ನಡೆಯಿತು. ಅದಿರಿನ ಸಾರವನ್ನು ಕೊಳವೆಯಲ್ಲಿ ಮಂಗಳೂರಿಗೆ ಹರಿಸಿ, ಉಳಿದ ರಾಡಿಯನ್ನು ಲಕ್ಯಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನ ಹಿಂದೆ ನಿಲ್ಲಿಸಿದರು. ಬಯಲಲ್ಲಿ ಸುರಿಯುವುದಕ್ಕಿಂತ ಇದು ಎಷ್ಟೋ ವಿವೇಕದ ಕ್ರಮ. ಸರ್ವೋಚ್ಚ ನ್ಯಾಯಾಲಯದ ೨೦೦೨ರ ಆದೇಶದಂತೆ ೨೦೦೫ರ ಕೊನೆಗೆ ಅಲ್ಲಿ ಗಣಿ ನಿಂತಿತು. ಅಣೆಕಟ್ಟಿಗೆ ಮಾತ್ರ ನಿವೃತ್ತಿಯಿಲ್ಲ. ಅದರ ಕೆಳಗಿನ ನೀರು ಭದ್ರೆಗೆ, ಕೂಡಲಿಯಲ್ಲಿ ತುಂಗೆಗೆ ಸೇರಿ, ರಾಣೆಬೆನ್ನೂರು ತಾಲ್ಲೂಕಿನ ಐರಣಿಯನ್ನೂ ಚೌಡದಾನಪುರದ ಮುಕ್ತೇಶ್ವರನ ಗುಡಿಯನ್ನೂ ದಾಟಿ ಹೋಗುತ್ತದೆ. ಲಕ್ಯಾದ ಕಾವಲು ನಮಗೆ ಪರರ ವಿಷಯವಲ್ಲ.

ಕಾವಲು ತಪ್ಪಿದರೆ ಏನಾಗುವುದೆಂಬುದಕ್ಕೆ ಜಗತ್ತಿನಲ್ಲಿ ಸಾಕ್ಷಿಗಳಿವೆ. ವೇಲ್ಸಿನ ಅಬರ್ಫಾನಿನಲ್ಲಿ ಕಲ್ಲಿದ್ದಲ ಗಣಿಯ ತ್ಯಾಜ್ಯವನ್ನು ನೀರಿನ ಒರತೆಯ ಮೇಲೆಯೇ ಪೇರಿಸಿದ್ದರು; ೧೯೬೬ರ ಅಕ್ಟೋಬರ್ ೨೧ರ ಬೆಳಿಗ್ಗೆ ಅದು ಶಾಲೆಯ ಮೇಲೆ ಜರಿದು ೧೧೬ ಮಕ್ಕಳೂ ೨೮ ಹಿರಿಯರೂ ಸತ್ತರು. ಬ್ರೆಜಿಲಿನ ಬ್ರುಮಾಡಿನ್ಯೊದಲ್ಲಿ ೨೦೧೯ರ ಜನವರಿಯಲ್ಲಿ ಕಬ್ಬಿಣದ ಗಣಿಯ ರಾಡಿಯ ಕಟ್ಟೆ ಒಡೆದು ೨೭೦ ಜನ ಮಡಿದರು. ಆ ಕಟ್ಟೆಯನ್ನು ಹಂತಹಂತವಾಗಿ ರಾಡಿಯ ಮೇಲೆಯೇ ಏರಿಸಿದ್ದರು. ಒಳಗೆ ನೀರು ತುಂಬಿದ ಮಣ್ಣು ಕ್ಷಣಮಾತ್ರದಲ್ಲಿ ದ್ರವದಂತಾಯಿತು. ಅದಕ್ಕೆ ರಾಡಿ ಸುರಿಯುವುದನ್ನು ಬಿಟ್ಟ ಮೇಲೆ ಅದು ಒಡೆಯಿತೆಂಬುದು ಗಮನಾರ್ಹ.

ನಮ್ಮ ಜಿಲ್ಲೆಯಲ್ಲೇ, ಹಾವೇರಿ ಹತ್ತಿರದ ಗಣಜೂರಿನಲ್ಲಿ, ಭೂಮಿಯ ಕೆಳಗೆ ಚಿನ್ನವಿದೆಯೆಂದು ಕೊರೆದು ನೋಡಿದ್ದಾರೆ. ಗಣಿ ತೆರೆಯುವ ಮಾತು ಎದ್ದಾಗಲೆಲ್ಲ ಎಷ್ಟು ಚಿನ್ನ, ಎಷ್ಟು ಜನರಿಗೆ ಉದ್ಯೋಗ ಎಂಬ ಚರ್ಚೆ ಮುಂದಾಗುತ್ತದೆ. ಹುಡಿ ಯಾವ ಹೊಲದಲ್ಲಿ ನಿಲ್ಲುತ್ತದೆ, ಅದರ ಬಸಿನೀರು ಯಾವ ಕೆರೆಯ ಕಡೆಗೆ ಇಳಿಯುತ್ತದೆ, ಕಂಪೆನಿ ಹೋದ ಮೇಲೆ ಅದನ್ನು ಕಾಯುವವರಾರು ಎಂದು ನಾನು ಮೊದಲು ಕೇಳುತ್ತೇನೆ.

ಕೋಲಾರದ ಕಥೆಗೆ ಒಂದು ಹೊಸ ಅಧ್ಯಾಯವಿದೆ. ಆ ೧೩ ದಿಬ್ಬಗಳನ್ನು ಮತ್ತೆ ಜಾಲಾಡಿ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ೨೦೨೪ರ ಜೂನ್ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಜಲಗಾರ ಮತ್ತೆ ಬಂದನೆಂದು ನನಗೆ ಸಂತೋಷವೇ ಆಯಿತು. ಆದರೆ ಆ ಹುಡಿಯಲ್ಲಿರುವುದು ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನ. ಒಂದು ಗ್ರಾಮೆಂದೇ ಹಿಡಿದು, ಒಂದು ಕಣವೂ ಬಿಡದಂತೆ ತೆಗೆದರೂ ದೊರೆಯುವುದು ೩೩ ಟನ್. ಉಳಿದ ಮೂರು ಕೋಟಿ ಟನ್ನಿಗೂ ಮೀರಿದ ಹುಡಿಯನ್ನು ಮತ್ತೆ ಎಲ್ಲಾದರೂ ಇಡಲೇಬೇಕು.